ಗುರಿಗೂ ನಮಗೂ ನಡುವೆ ಇರುವ ಒಂದು ಬೇಡದ ಕೆಲಸ

ಪೀಣ್ಯ ಎರಡನೇ ಹಂತದ ನನ್ನ ಶೆಡ್ಡಿನಲ್ಲಿ ಪ್ರತಿವರ್ಷ ಆಯುಧಪೂಜೆಯ ದಿನ ಎರಡು ಲೇತ್‌ಗಳನ್ನೂ ಒಂದು ಸಿಎನ್‌ಸಿ ಟರ್ನಿಂಗ್ ಯಂತ್ರವನ್ನೂ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದಾದ ಮೇಲೆ, ಬಾಗಿಲ ಪಕ್ಕದಲ್ಲಿ ಖಾಲಿ ಬಿಟ್ಟಿದ್ದ ಹತ್ತಡಿ ಜಾಗವನ್ನು ನೋಡುತ್ತಾ ನಾನು ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ: ಮುಂದಿನ ಆಯುಧಪೂಜೆಗೆ ಇಲ್ಲೊಂದು ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ, ನಿಂತಿರಬೇಕು. 2016ರಿಂದ 2022ರವರೆಗೆ ಏಳು ಆಯುಧಪೂಜೆಗಳಲ್ಲಿ ಇದೇ ಮಾತನ್ನು ಹೇಳಿಕೊಂಡಿದ್ದೇನೆ. ಡೈರಿಯಲ್ಲಿ ಬರೆದಿದ್ದೇನೆ, ಬ್ಯಾಂಕಿನವರ ಜೊತೆ ಮಾತನಾಡಿದ್ದೇನೆ, ತಿಂಗಳ ಕಂತು ಎಷ್ಟಾಗಬಹುದೆಂದು ಹಾಳೆಗಟ್ಟಲೆ ಲೆಕ್ಕ ಹಾಕಿದ್ದೇನೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನಕ್ಕೆ 2017ರಲ್ಲಿಯೂ 2019ರಲ್ಲಿಯೂ 2023ರಲ್ಲಿಯೂ ಹೋಗಿ, ಸಂಜೆ ಕೈತುಂಬ ಕ್ಯಾಟಲಾಗ್ ಹೊತ್ತು ಮನೆಗೆ ಬಂದಿದ್ದೇನೆ. ಅಂಥ ದಿನಗಳಲ್ಲಿ ರಾತ್ರಿ ಮಲಗುವಾಗ ಏನೋ ದೊಡ್ಡ ಕೆಲಸ ಮುಗಿಸಿದ ತೃಪ್ತಿ ಇರುತ್ತಿತ್ತು. ಆ ತೃಪ್ತಿಯೇ ನನ್ನ ಏಳು ವರ್ಷಗಳನ್ನು ತಿಂದುಹಾಕಿತು ಎಂಬುದು ಈಗ ನನಗೆ ಸ್ಪಷ್ಟವಾಗಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ.

2023ರ ಜನವರಿಯಲ್ಲಿ ಇಮ್‌ಟೆಕ್ಸ್‌ನಿಂದ ಬಂದು ಕ್ಯಾಟಲಾಗುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಾಗ, ಶೆಡ್ಡಿನ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಹೆಂಡತಿ ಬಾಕಿ ಬಿಲ್ಲುಗಳ ಫೈಲನ್ನು ತಂದು ಅವುಗಳ ಪಕ್ಕದಲ್ಲಿಟ್ಟಳು. "ರೀ, ಯಂತ್ರದ ಬೆಲೆ ಕೇಳೋದಕ್ಕೆ ಇಡೀ ದಿನ ತಿರುಗಿದ್ದೀರ. ನಮ್ಮ ದುಡ್ಡು ಕೇಳೋದಕ್ಕೆ ಒಂದು ಫೋನ್ ಮಾಡೋದಿಲ್ವಲ್ಲ?" ಎಂದಳು. ಫೈಲಿನಲ್ಲಿ ಒಂದೇ ಪಾರ್ಟಿಯಿಂದ, ಅಂದರೆ ನಮ್ಮಿಂದ ಮಾಲು ಕೊಳ್ಳುವ ಒಂದೇ ಕಂಪನಿಯಿಂದ, ಬರಬೇಕಾದ ಏಳು ಬಿಲ್ಲುಗಳಿದ್ದವು. ಒಟ್ಟು 11 ಲಕ್ಷ 40 ಸಾವಿರ ರೂಪಾಯಿ. ಅತ್ಯಂತ ಹಳೆಯದಕ್ಕೆ ಹದಿನಾಲ್ಕು ತಿಂಗಳಾಗಿತ್ತು. ಜಿಎಸ್‌ಟಿ ಗೊತ್ತಿರುವವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ: ದುಡ್ಡು ಬರಲಿ ಬಿಡಲಿ, ಬಿಲ್ ಬರೆದ ಮೇಲೆ ತೆರಿಗೆ ಕಟ್ಟಲೇಬೇಕು. ಕೈಗೆ ಬಾರದ ಹಣಕ್ಕೆ ನಾನು ಕೈಯಿಂದ ತೆರಿಗೆ ಕಟ್ಟಿ ಕುಳಿತಿದ್ದೆ. ಬ್ಯಾಂಕಿನವರು ಹೊಸ ಯಂತ್ರಕ್ಕೆ ಕೇಳಿದ್ದ ಮಾರ್ಜಿನ್ ಹಣ, ಅಂದರೆ ನಾನು ಕೈಯಿಂದ ಹಾಕಬೇಕಾದ ಪಾಲು, 7 ಲಕ್ಷ. ಅಂದರೆ ನನ್ನ ಗುರಿಗೆ ಬೇಕಾದ ಹಣವೂ ಅದಕ್ಕಿಂತ ಹೆಚ್ಚೂ ನನ್ನದೇ ಆಗಿ, ಆದರೆ ಇನ್ನೊಬ್ಬರ ಖಾತೆಯಲ್ಲಿ ಉಳಿದಿತ್ತು.

ಯಾಕೆ ಫೋನ್ ಮಾಡಿರಲಿಲ್ಲ? ಸೋಮಾರಿತನದಿಂದಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನನ್ನು ಸೋಮಾರಿ ಎನ್ನಲಾಗುವುದಿಲ್ಲ. ಕೇಳಿದರೆ ಪಾರ್ಟಿ ಬೇಸರ ಮಾಡಿಕೊಂಡು ಮುಂದಿನ ಆರ್ಡರ್ ಕೊಡದೇ ಹೋದರೆ ಎಂಬ ಭಯ, ಕೊಡುವುದಿಲ್ಲ ಎಂದುಬಿಟ್ಟರೆ ಏನು ಮಾಡುವುದೆಂಬ ಭಯ, ಅದಕ್ಕೂ ಹೆಚ್ಚಾಗಿ ಸಾಲಗಾರನಂತೆ ಇನ್ನೊಬ್ಬರ ರಿಸೆಪ್ಷನ್ನಿನಲ್ಲಿ ಕುಳಿತುಕೊಳ್ಳುವುದರ ಸಂಕೋಚ. ಹಾಗಾಗಿ ಆ ಒಂದು ಕೆಲಸವನ್ನು ಬಿಟ್ಟು, ಗುರಿಯ ಸುತ್ತಮುತ್ತಲಿನ ಎಲ್ಲ ಕೆಲಸಗಳನ್ನೂ ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ.

ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದೆ. ಹನ್ನೊಂದು ಎಂದು ಹಿಂದಿನ ದಿನವೇ ಬರೆದಿಟ್ಟುಕೊಂಡಿದ್ದೆ, ಏಕೆಂದರೆ ಆ ಹೊತ್ತಿಗೆ ಹುಡುಗರು ಟೀ ಕುಡಿಯಲು ಹೊರಗೆ ಹೋಗುತ್ತಾರೆ, ಶೆಡ್ಡಿನಲ್ಲಿ ಸದ್ದಿರುವುದಿಲ್ಲ. ಅಕೌಂಟ್ಸ್ ವಿಭಾಗದ ಹೆಣ್ಣುಮಗಳೊಬ್ಬಳು ಬಿಲ್ ನಂಬರುಗಳನ್ನು ಒಂದೊಂದಾಗಿ ಕೇಳಿ, ಐದು ನಿಮಿಷ ಹುಡುಕಿ ಹೇಳಿದಳು: "ಸರ್, ಇದರಲ್ಲಿ ಮೂರು ಬಿಲ್ ನಮ್ಮಲ್ಲಿ ಎಂಟ್ರಿನೇ ಆಗಿಲ್ಲ. ಪರ್ಚೇಸ್ ಆರ್ಡರ್‌ನಲ್ಲಿ ಡ್ರಾಯಿಂಗ್ ರಿವಿಜನ್ ಬಿ ಅಂತಿದೆ, ನೀವು ಬಿಲ್‌ನಲ್ಲಿ ರಿವಿಜನ್ ಎ ಅಂತ ಬರೆದಿದ್ದೀರಿ. ತಿದ್ದಿ ಕಳಿಸಿ, ಪಾಸ್ ಮಾಡ್ತೀವಿ." ನಾವು ಕಳಿಸಿದ ಫ್ಲೇಂಜ್‌ಗಳು ಹೊಸ ಡ್ರಾಯಿಂಗ್ ಪ್ರಕಾರವೇ ಇದ್ದವು, ಬಿಲ್ ಬರೆಯುವಾಗ ಹಳೆಯ ಬಿಲ್ಲನ್ನು ನೋಡಿಕೊಂಡು ಒಂದು ಅಕ್ಷರ ತಪ್ಪಾಗಿತ್ತು. ಯಾರೂ ಹಣ ಕೊಡುವುದಿಲ್ಲ ಎಂದಿರಲಿಲ್ಲ, ಯಾರಿಗೂ ನನ್ನ ಮೇಲೆ ಬೇಸರವಿರಲಿಲ್ಲ. ಒಂದು ಅಕ್ಷರಕ್ಕಾಗಿ ನಾನು ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟಿದ್ದೆ. ಆ ಮೂರು ಬಿಲ್ಲುಗಳ ಹಣ ತಿಂಗಳೊಳಗೆ ಬಂತು. ಉಳಿದ ನಾಲ್ಕರಲ್ಲಿ ಎರಡಕ್ಕೆ ಇನ್ನೆರಡು ಫೋನ್ ಸಾಕಾಯಿತು. ಕೊನೆಯ ಎರಡಕ್ಕೆ ಮಾತ್ರ ನಿಜವಾಗಿ ಹೋರಾಡಬೇಕಾಯಿತು.

ಆ ಹೋರಾಟದ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ನಮ್ಮಂಥ ಸಣ್ಣ ಶೆಡ್ಡಿನವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿದ್ದೂ ಉಪಯೋಗಕ್ಕೆ ಬರುತ್ತಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಲು ತೆಗೆದುಕೊಂಡವರು ಲಿಖಿತ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡಮಾಡಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳು ತಿಂಗಳಿಗೆ ಚಕ್ರಬಡ್ಡಿ ಸೇರುತ್ತದೆ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಸರ್ಕಾರಿ ಪೋರ್ಟಲ್ ಶುರುವಾಯಿತು. ಇದಕ್ಕೆ ಬೇಕಾದದ್ದು ಉದ್ಯಮ್ ನೋಂದಣಿ. ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ, ಒಂದು ರೂಪಾಯಿಯೂ ಶುಲ್ಕವಿಲ್ಲ, ಆಧಾರ್ ಮತ್ತು ಪಾನ್ ಇದ್ದರೆ ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು. ಇಷ್ಟರ ಮೇಲೆ 2023ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ನಿಯಮ ಬಂದು 2024ರ ಏಪ್ರಿಲ್ 1ರಿಂದ ಅನ್ವಯವಾಯಿತು: ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚಾಗಿ ತೋರಿಸಲು ಸಾಧ್ಯ. ಇಷ್ಟೆಲ್ಲ ರಕ್ಷಣೆ ನಮ್ಮ ಬೆನ್ನಿಗಿದೆ. ನಾನಾದರೋ ಉದ್ಯಮ್ ಪ್ರಮಾಣಪತ್ರವನ್ನು ಫ್ರೇಮ್ ಹಾಕಿಸಿ ಲಕ್ಷ್ಮಿಯ ಫೋಟೋದ ಕೆಳಗೆ ತೂಗುಹಾಕಿದ್ದೆನೇ ಹೊರತು, ಅದರ ಸಂಖ್ಯೆಯನ್ನು ನನ್ನ ಬಿಲ್ಲಿನ ಮೇಲೆ ಮುದ್ರಿಸಿರಲಿಲ್ಲ. ಮುದ್ರಿಸಿದ ಮೇಲೆ, ಕಾಯ್ದೆಯನ್ನು ಉಲ್ಲೇಖಿಸಿ ಮರ್ಯಾದೆಯಿಂದಲೇ ಒಂದು ಪತ್ರ ಬರೆದ ಮೇಲೆ, ಕೊನೆಯ ಎರಡು ಬಿಲ್ಲುಗಳ ಹಣ ಬಂತು. ದೂರು ದಾಖಲಿಸುವವರೆಗೆ ಹೋಗಬೇಕಾಗಲಿಲ್ಲ.

ಈ ಅನುಭವದ ನಂತರ ಕ್ರಿಯೆ ಎಂದರೇನು ಎಂಬುದಕ್ಕೆ ನಾನೊಂದು ಅಳತೆ ಇಟ್ಟುಕೊಂಡಿದ್ದೇನೆ. ಯಾವ ಕೆಲಸ ಮಾಡಿದ ಮೇಲೆ ಹೊರಗಿನಿಂದ ಒಂದು ಉತ್ತರ ಬರುತ್ತದೋ ಅದು ಕ್ರಿಯೆ. ಉತ್ತರ ಹೌದು ಎಂದಾದರೂ ಇರಲಿ, ಇಲ್ಲ ಎಂದಾದರೂ ಇರಲಿ. ಯಾವುದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲವೋ ಅದು ತಯಾರಿ. ಕ್ಯಾಟಲಾಗ್ ತರುವುದು, ಲೆಕ್ಕ ಹಾಕುವುದು, ಡೈರಿ ಬರೆಯುವುದು, ವೀಡಿಯೋ ನೋಡುವುದು ಇವೆಲ್ಲ ತಯಾರಿ. ತಯಾರಿ ತಪ್ಪಲ್ಲ, ಆದರೆ ಅದು ನಮಗೆ ಎಂದೂ ಇಲ್ಲ ಎನ್ನುವುದಿಲ್ಲವಾದ್ದರಿಂದ ಅಲ್ಲಿಯೇ ಇದ್ದುಬಿಡುವುದು ಹಿತವಾಗಿರುತ್ತದೆ. ಪ್ರತಿಯೊಂದು ಗುರಿಯ ದಾರಿಯಲ್ಲಿಯೂ ಉತ್ತರ ಬರುವಂಥ, ಆದ್ದರಿಂದಲೇ ಭಯ ಹುಟ್ಟಿಸುವಂಥ ಒಂದು ಬೇಡದ ಕೆಲಸ, ಅಂದರೆ ಮಾಡಲೇಬೇಕಾದರೂ ಮನಸ್ಸು ಬೇಡವೆನ್ನುವ ಕೆಲಸ, ಅಡ್ಡ ಕುಳಿತಿರುತ್ತದೆ. ಅದನ್ನು ಗುರುತಿಸಿ ಮೊದಲು ಮಾಡಬೇಕು ಎನ್ನುವುದೇ ನನ್ನ ಅಭಿಪ್ರಾಯ.

ವಿಜಯನಗರದಲ್ಲಿರುವ ನನ್ನ ಅಕ್ಕನ ಮಗಳು ಸೀರೆಗೆ ಕುಚ್ಚು ಹಾಕುತ್ತಾಳೆ. ಕೈಗುಣ ಬಹಳ ಚೆನ್ನಾಗಿದೆ. ಎರಡು ವರ್ಷ ಅವಳು ಹೆಸರು ಹುಡುಕಿದಳು, ಲೋಗೋ ಮಾಡಿಸಿದಳು, ಚಿಕ್ಕಪೇಟೆಗೆ ಹೋಗಿ ಮಣಿ ಮತ್ತು ರೇಷ್ಮೆ ದಾರದ ದರ ವಿಚಾರಿಸಿಕೊಂಡು ಬಂದಳು, ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕಿದಳು. ಆದರೆ ಅಕ್ಕಪಕ್ಕದವರು ಸೀರೆ ತಂದುಕೊಟ್ಟು ಎಷ್ಟಾಯಿತು ಎಂದು ಕೇಳಿದರೆ, "ಪರವಾಗಿಲ್ಲ ಆಂಟಿ, ನೀವು ಎಷ್ಟು ಕೊಟ್ಟರೂ ಸರಿ" ಎನ್ನುತ್ತಿದ್ದಳು. ಅವಳ ಬೇಡದ ಕೆಲಸ ಬೆಲೆ ಹೇಳುವುದು. ಕೊನೆಗೆ ಅವಳು ನಾಲ್ಕು ಬಗೆಯ ಕುಚ್ಚಿನ ಮಾದರಿಗಳನ್ನು ಒಂದು ರಟ್ಟಿಗೆ ಹೊಲಿದು, ಪ್ರತಿಯೊಂದರ ಕೆಳಗೂ ದರ ಬರೆದು ಬಾಗಿಲ ಪಕ್ಕದಲ್ಲಿ ನೇತುಹಾಕಿದಳು. ಬಾಯಲ್ಲಿ ಹೇಳಲಾಗದ್ದನ್ನು ರಟ್ಟು ಹೇಳಿತು. ಇಬ್ಬರು ಹಳಬರು ಸೀರೆ ತರುವುದನ್ನು ನಿಲ್ಲಿಸಿದರು ನಿಜ. ಆದರೆ ಕಳೆದ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಮುನ್ನ ಅವಳಿಗೆ ಊಟಕ್ಕೆ ಬಿಡುವಿರಲಿಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಅಧ್ಯಯನಗಳಿವೆ. ಪೀಟರ್ ಗೋಲ್ವಿಟ್ಜರ್ ಎಂಬ ವಿದ್ವಾಂಸರು, ಗುರಿ ಇಟ್ಟುಕೊಳ್ಳುವುದಕ್ಕೂ ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆಂದು ಮೊದಲೇ ನಿಶ್ಚಯಿಸುವುದಕ್ಕೂ ಇರುವ ವ್ಯತ್ಯಾಸವನ್ನು ದೀರ್ಘಕಾಲ ಅಧ್ಯಯನ ಮಾಡಿದವರು. 1997ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಎಲ್ಲಿ ಕುಳಿತು ಯಾವ ಹೊತ್ತಿಗೆ ಬರೆಯುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಬರೆದರು, ನಿಶ್ಚಯಿಸದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಸೋಮವಾರ ಹನ್ನೊಂದು ಗಂಟೆ ಎಂದು ನಾನು ಬರೆದಿಟ್ಟುಕೊಂಡದ್ದರ ಗುಣ ಅದನ್ನು ಓದಿದ ಮೇಲೆ ಅರ್ಥವಾಯಿತು. ಅವರೇ ಸಹೋದ್ಯೋಗಿಗಳೊಂದಿಗೆ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ನಾಟಿತು: ತಾನು ಇಂಥವನಾಗಬೇಕೆಂಬ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆಂದು ತಿಳಿದಾಗ, ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಗುತ್ತದೆ. ಹೇಳಿಕೊಂಡದ್ದರಲ್ಲಿಯೇ ಅರ್ಧ ಆದಂತೆ ಮನಸ್ಸು ತಿಳಿದುಬಿಡುತ್ತದೆ.

ನನ್ನ ದೇಹದ ವಿಷಯದಲ್ಲಿಯೂ ಇದೇ ಕಥೆ. ತೂಕ ಇಳಿಸಬೇಕು, ಆರೋಗ್ಯ ನೋಡಿಕೊಳ್ಳಬೇಕು ಎಂದು ಪ್ರತಿ ಯುಗಾದಿಗೂ ಅಂದುಕೊಳ್ಳುತ್ತಿದ್ದೆ. ಬೇಡದ ಕೆಲಸವಾದ ರಕ್ತಪರೀಕ್ಷೆಯನ್ನು ಮಾತ್ರ ಮಾಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು, ಆದ್ದರಿಂದ ಉತ್ತರ ಏನು ಬರಬಹುದೆಂದು ಗೊತ್ತಿತ್ತು. 2024ರಲ್ಲಿ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, 7.1 ಬಂತು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಆ ಸಂಖ್ಯೆ ಕೈಗೆ ಬಂದ ದಿನವೇ ಡಾಕ್ಟರ ಬಳಿಗೆ ಹೋದೆ. ಈಗ ಬೆಳಗ್ಗೆ ನಂದಿನಿ ಬೂತಿನಿಂದ ಹಾಲು ತಂದು ಬಾಗಿಲಲ್ಲೇ ಹೆಂಡತಿಯ ಕೈಗೆ ಕೊಟ್ಟು, ಶೂ ಬಿಚ್ಚದೆ ಹಾಗೆಯೇ ತಿರುಗಿ ನಲವತ್ತು ನಿಮಿಷ ನಡೆಯುತ್ತೇನೆ. ಒಳಗೆ ಕಾಲಿಟ್ಟರೆ ಪೇಪರ್ ಹಿಡಿದು ಕೂರುತ್ತೇನೆಂದು ಗೊತ್ತಿರುವುದರಿಂದ ಹೊಸ್ತಿಲು ದಾಟುವುದಿಲ್ಲ.

ಕ್ರಿಯೆ ಎಂದರೆ ದುಡುಕುವುದಲ್ಲ ಎಂಬುದನ್ನೂ ಹೇಳಬೇಕು. ಆರ್ಡರ್ ಇಲ್ಲದೆ ಹೊಸ ಯಂತ್ರ ಇಳಿಸಿ, ಕಂತು ಕಟ್ಟಲಾಗದೆ ಶೆಡ್ಡನ್ನೇ ಮುಚ್ಚಿದವರನ್ನು ನಾನು ಪೀಣ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಅವರು ಹಿಂಜರಿಯಲಿಲ್ಲ ಎಂದು ಹೊಗಳುವಂತಿಲ್ಲ. ಯಂತ್ರ ಕೊಳ್ಳುವುದು ಸುಲಭವಾದ ಕೆಲಸ, ಗ್ರಾಹಕರ ಬಾಗಿಲಿಗೆ ಹೋಗಿ ಇಷ್ಟು ಕೆಲಸ ಕೊಡುತ್ತೀರಾ ಎಂದು ಕೇಳುವುದು ಕಷ್ಟದ ಕೆಲಸ, ಮತ್ತು ಅವರು ಕಷ್ಟದ್ದನ್ನು ಬಿಟ್ಟು ಸುಲಭದ್ದನ್ನು ಮಾಡಿದ್ದರು. ನಾನೂ ಅದೇ ತಪ್ಪನ್ನು ಸ್ವಲ್ಪ ಮಟ್ಟಿಗೆ ಮಾಡಿದೆ. 2023ರ ಆಯುಧಪೂಜೆಗೆ ಮುನ್ನ, ಹೊಸತನ್ನು ಬಿಟ್ಟು ಕೊಯಮತ್ತೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ ತರಿಸಿದೆ. ಕ್ರೇನ್ ಅದನ್ನು ಆ ಹತ್ತಡಿ ಜಾಗದಲ್ಲಿ ಇಳಿಸಿದಾಗ ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಮೊದಲ ಆರು ತಿಂಗಳು ಅದು ದಿನದಲ್ಲಿ ಅರ್ಧ ಹೊತ್ತು ಸುಮ್ಮನೆ ನಿಂತಿರುತ್ತಿತ್ತು, ಏಕೆಂದರೆ ಮಿಲ್ಲಿಂಗ್ ಕೆಲಸ ಕೊಡುವ ಹೊಸಬರನ್ನು ನಾನು ಹೋಗಿ ಕೇಳಿರಲಿಲ್ಲ. ಒಂದು ಬೇಡದ ಕೆಲಸ ಮುಗಿದೊಡನೆ ಅದರ ಹಿಂದೆ ಇನ್ನೊಂದು ನಿಂತಿರುತ್ತದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಹೊಸ ಕಂಪನಿಗೆ ಮಾದರಿ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದೆಂದು ನಿಶ್ಚಯಿಸಿದೆ. ಮೊದಲ ಒಂಬತ್ತು ಕಡೆ ಇಲ್ಲ ಎಂದರು. ಹತ್ತನೆಯವರು ಒಂದು ಬ್ರ್ಯಾಕೆಟ್ಟಿನ ಡ್ರಾಯಿಂಗ್ ಕೊಟ್ಟು ಕೊಟೇಶನ್ ಕೇಳಿದರು, ಇಂದಿಗೂ ಅವರ ಕೆಲಸ ನಮ್ಮಲ್ಲಿ ನಡೆಯುತ್ತಿದೆ.

ಈಗಲೂ ನನ್ನ ಫೈಲಿನಲ್ಲಿ ಒಂದು ಹಳೆಯ ಬಾಕಿ ಉಳಿದಿದೆ. ಅದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಕೊಡಬೇಕಾದವರು ನನಗೆ ಲೇತ್ ಹಿಡಿಯುವುದನ್ನು ಕಲಿಸಿದ ಹಿರಿಯರು. ಅವರ ಮುಂದೆ ಹಣದ ಮಾತೆತ್ತಲು ಮೂರು ವರ್ಷದಿಂದ ನನಗೆ ನಾಲಿಗೆ ಬಂದಿರಲಿಲ್ಲ. ಈ ಬರಹವನ್ನು ಹಾಕಿ, ಕೇಳುತ್ತೇನೆ ಎಂದು ನಿಮ್ಮೆದುರು ಹೇಳಿಕೊಂಡರೆ ಕೇಳಿದಷ್ಟೇ ಸಮಾಧಾನವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಇಂದು ಬೆಳಗ್ಗೆ ಹನ್ನೊಂದಕ್ಕೆ ಅವರಿಗೆ ಫೋನ್ ಮಾಡಿ, ನಂತರವೇ ಬರೆಯಲು ಕುಳಿತೆ. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, "ನೀನು ಇಷ್ಟು ದಿನ ಯಾಕಪ್ಪ ಕೇಳಲಿಲ್ಲ? ಗುರುವಾರ ಬಿಲ್ ತಗೊಂಡು ಬಾ, ಊಟ ಇಲ್ಲೇ ಮಾಡುವಿಯಂತೆ" ಎಂದರು.