ಮೇ ತಿಂಗಳಲ್ಲಿ ಹೀಟರ್ ಹಾಕಿಸಿದವರು

ರಸ್ತೆ ಬದಿ ಬಾನೆಟ್ ಎತ್ತಿ ನಿಲ್ಲುವುದು ಅಂದರೆ ಮದುವೆ ಮನೆ ಮುಂದೆ ಚಪ್ಪರ ಹಾಕಿದ ಹಾಗೆ. ಯಾರನ್ನೂ ಕರೆಯಬೇಕಾಗಿಲ್ಲ, ಜನ ತಾವೇ ಬರುತ್ತಾರೆ. ಬೆಂಗಳೂರಲ್ಲಾದರೆ ಹಿಂದೆ ನಿಂತು ಹಾರ್ನ್ ಹೊಡೆಯೋಕೆ ಬರುತ್ತಾರೆ. ಭರಮಸಾಗರದ ಹತ್ತಿರ ಬಯ್ಯೋಕೆ ಬರುತ್ತಾರೆ. ಬೈದು ಮುಗಿದ ಮೇಲೆ ಕಾರು ರಿಪೇರಿ ಮಾಡಿ, ಹೊಟ್ಟೆಗೆ ಹಾಕಿ, ನಿಮ್ಮ ಕಡೆ ಯಾವುದಾದರೂ ಒಳ್ಳೆ ಗಂಡು ಇದೆಯಾ ಅಂತ ವಿಚಾರಿಸಿಕೊಂಡು ಕಳಿಸುತ್ತಾರೆ.

ದಾವಣಗೆರೆಯಲ್ಲಿ ಅಮ್ಮನ ಕಡೆ ನೆಂಟರ ಮದುವೆ ಇತ್ತು. ಸಂಜೆ ಆರತಕ್ಷತೆಗೆ ಸೇರಿಕೊಳ್ಳೋಣ ಅಂತ ಹೊರಟವರು ನಾನು, ಹೆಂಡತಿ, ಅಮ್ಮ. ಕಾರು ಆಗಷ್ಟೇ ಸರ್ವೀಸ್ ಆಗಿ ಬಂದಿತ್ತು. "ಎಲ್ಲಾ ಚೆಕ್ ಮಾಡಿದೀವಿ ಸಾರ್, ಕಣ್ಣು ಮುಚ್ಚಿಕೊಂಡು ಹೋಗಿ" ಅಂದಿದ್ದರು ಗ್ಯಾರೇಜಿನವರು. ನಾನು ಕಣ್ಣು ಬಿಟ್ಟುಕೊಂಡೇ ಹೋಗುತ್ತಿದ್ದೆ, ಅದಕ್ಕೇ ಚಿತ್ರದುರ್ಗ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆ ಹತ್ತುತ್ತಿರುವುದು ಕಂಡಿತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ಮೇ ತಿಂಗಳು, ಮಟ ಮಟ ಮಧ್ಯಾಹ್ನ, ಸುತ್ತ ಒಂದು ಮರದ ನೆರಳಿಲ್ಲ.

ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. ಎಲ್ಲಿದ್ದೀರಿ ಸಾರ್ ಅಂದರು. ಎದುರಿಗೆ ಗಾಳಿಯಂತ್ರ ಕಾಣ್ತಿದೆ ಅಂದೆ. ಆ ಕಡೆ ಒಂದು ಕ್ಷಣ ಮೌನ. ಚಿತ್ರದುರ್ಗದ ಸುತ್ತಮುತ್ತ ನಿಂತು ಗಾಳಿಯಂತ್ರ ಕಾಣ್ತಿದೆ ಅನ್ನುವುದು ಮಂಗಳೂರಲ್ಲಿ ನಿಂತು ತೆಂಗಿನಮರದ ಪಕ್ಕ ಇದ್ದೀನಿ ಅಂದಂಗೆ ಅಲ್ವಾ? ಕೊನೆಗೆ ಹೆಂಡತಿ ಬಿಸಿಲಲ್ಲಿ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಹೋಗಿ ಕಿಲೋಮೀಟರ್ ಕಲ್ಲು ಓದಿ ಬಂದಳು.

ಅಷ್ಟರಲ್ಲಿ ಸಭೆ ಸೇರಿಯಾಗಿತ್ತು.

ಮೊದಲು ಬಂದಿದ್ದು ಕುರಿ ಕಾಯುವ ಅಜ್ಜ. ಕೋಲಿನ ಮೇಲೆ ಗದ್ದ ಊರಿ ಎಂಜಿನ್ ಒಳಗೆ ಇಣುಕಿ, "ಮುಗೀತು, ಎಂಜಿನ್ ಹೋಗೇತಿ" ಅಂತ ತೀರ್ಪು ಕೊಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಬೈಕಿನಲ್ಲಿ ಬಂದ ಹುಡುಗ. ಅವನ ಪ್ರಕಾರ ಸೆನ್ಸರ್. ಈಗಿನ ಕಾರಲ್ಲಿ ಏನೇ ಆದರೂ ಸೆನ್ಸರ್ ಅಂತೆ. ಸರ್ವೀಸ್ ರಸ್ತೆ ಆಚೆಯ ಮನೆಯಿಂದ ಒಬ್ಬ ಹೆಂಗಸು ಬಂದು ಕಾರಿನ ಕಡೆ ನೋಡಲೇ ಇಲ್ಲ, ನೇರವಾಗಿ ನನ್ನ ಕಡೆ ತಿರುಗಿ, "ವಯಸ್ಸಾದೋರನ್ನ ಬಿಸ್ಲಾಗೆ ಕುಂದ್ರಿಸೀರಲ್ರೀ, ಬುದ್ಧಿ ಐತೇನ್ರಿ?" ಅಂತ ಬೈದು ಅಮ್ಮನ ಕೈ ಹಿಡಿದು ಕರೆದುಕೊಂಡೇ ಹೋಗಿಬಿಟ್ಟರು. ಅಮ್ಮನೂ ಒಂದು ಮಾತು ಕೇಳದೆ ಹೊರಟುಬಿಟ್ಟರು, ಬೇಜಾರಾಗಿದ್ದು ಅದಕ್ಕೇ.

ಹುಡುಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಆಗಲೇ ಹಿಂದಿನಿಂದ ಯಾರೋ ಆ ಕೈಗೆ ಪಟ್ ಅಂತ ಹೊಡೆದರು. "ಮಾರಿ ಬೇಯ್ಸ್ಕಂತೀಯೇನಲೇ?" ಹೊಡೆದವನು ಗೂಡ್ಸ್ ಗಾಡಿಯ ಡ್ರೈವರ್. ಚಿತ್ರದುರ್ಗದ ಅಂಗಡಿಗಳಿಗೆ ಮಂಡಕ್ಕಿ ಮೂಟೆ ಇಳಿಸಿ ದಾವಣಗೆರೆಗೆ ವಾಪಸ್ ಹೊರಟಿದ್ದನಂತೆ. ಅವನು ಹೇಳಿದ್ದು ನಿಜ. ರೇಡಿಯೇಟರ್ ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಂಡಿರುತ್ತದೆ, ಮುಚ್ಚಳ ತೆಗೆದ ತಕ್ಷಣ ಮುಖಕ್ಕೇ ಚಿಮ್ಮುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೂ ಹೆಡ್ ಸೀಳು ಬಿಡಬಹುದು. ಹಾಗಾಗಿ ಮೊದಲ ಕೆಲಸ ಸುಮ್ನೆ ಕೂರೋದು. ನಾವೆಲ್ಲ ಕೂತೆವು. ನನ್ನ ಕಾರು, ನನ್ನ ಹಬೆ, ಆದರೆ ಅಲ್ಲಿಂದ ಮುಂದೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನು ಏನೋ ಹೇಳೋಕೆ ಹೋದರೆ ಅಜ್ಜ "ನೀನು ಸುಮ್ಕಿರಪ್ಪ" ಅನ್ನುತ್ತಿದ್ದ.

ಆರಿದ ಮೇಲೆ ನೋಡಿದರೆ ಮೇಲಿನ ರಬ್ಬರ್ ಪೈಪ್ ನಡುವೆ ಸೀಳಿತ್ತು. ಅಜ್ಜ ಇನ್ನೂ ಎಂಜಿನ್ ಹೋಗಿದೆ ಅಂತಲೇ ಪಟ್ಟು ಹಿಡಿದಿದ್ದ. ಡ್ರೈವರ್ ಬೈಕ್ ಹುಡುಗನನ್ನು ಭರಮಸಾಗರಕ್ಕೆ ಓಡಿಸಿದ. ಅವನು ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದ. ದುಡ್ಡು ಎಷ್ಟು ಅಂದರೆ, "ದುಡ್ಡು ಬ್ಯಾಡಂತೆ, ವಾಪಸ್ ಬರುವಾಗ ಗಾಳಿ ಅವ್ರ ಹತ್ರನೇ ಹಾಕಿಸ್ಬೇಕಂತೆ."

ಡ್ರೈವರ್ ಟ್ಯೂಬ್ ಸುತ್ತಿದ ರೀತಿ ನೋಡಬೇಕಿತ್ತು. ಬ್ಲೇಡಿನಿಂದ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿಕೊಂಡ. ಪೈಪನ್ನು ಅಂಗಿಯ ತುದಿಯಿಂದ ಒರೆಸಿ ಒಣಗಿಸಿದ. ಪಟ್ಟಿಯ ಒಂದು ತುದಿಯನ್ನು ಹುಡುಗನ ಕೈಲಿ ಹಿಡಿಸಿ, ಇನ್ನೊಂದನ್ನು ಹರಿದೇ ಹೋಗುತ್ತೇನೋ ಅನ್ನುವಷ್ಟು ಎಳೆದು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ ಸುತ್ತುತ್ತಾ ಹೋದ. ಆ ಎಳೆತವೇ ಬಿಗಿಯಂತೆ. ಸುಮ್ನೆ ಸುತ್ತಿದರೆ ಅದು ಬ್ಯಾಂಡೇಜು, ಎಳೆದು ಸುತ್ತಿದರೆ ರಿಪೇರಿ ಅಂದ. ಎರಡೂ ತುದಿಗೆ ಬೈಂಡಿಂಗ್ ವೈರ್ ಬಿಗಿದು ಇಕ್ಕಳದಿಂದ ತಿರುವಿದ.

ನೀರು ಬಂದಿದ್ದು ಆ ಹೆಂಗಸಿನ ಮನೆಯಿಂದ, ಪ್ಲಾಸ್ಟಿಕ್ ಕೊಡದಲ್ಲಿ. ಸುರಿಯುತ್ತಾ ಹೇಳಿದರು: "ಈಗ ಕೆರೆಗೆ ಹೊಳೆ ನೀರು ಬಂದೈತಿ ಅಂತ ಕೊಡಾಕ್ಹತ್ತೀನಿ. ಮೊದ್ಲಾಗಿದ್ರೆ ಮನುಷ್ಯರಿಗೆ ಕೊಡ್ತಿದ್ದೆ, ಕಾರಿಗೆ ಕೊಡ್ತಿರ್ಲಿಲ್ಲ." ತುಂಗಭದ್ರೆಯಿಂದ ಪೈಪಿನಲ್ಲಿ ನೀರೆತ್ತಿ ಭರಮಸಾಗರದ ಕೆರೆ ತುಂಬಿಸಿದ್ದು ಈಚೆಗೆ. ಅದಕ್ಕೆ ಮೊದಲು ಈ ಸೀಮೆಯವರು ನೀರನ್ನು ಹೇಗೆ ಲೆಕ್ಕ ಹಾಕಿ ಬಳಸುತ್ತಿದ್ದರು ಅಂತ ಅವರು ಕೊಡ ಬಗ್ಗಿಸುವುದರಲ್ಲೇ ಗೊತ್ತಾಗುತ್ತಿತ್ತು. ಒಂದು ಹನಿ ಆಚೆ ಬೀಳಲಿಲ್ಲ.

ಅವರ ಹಿಂದೆಯೇ ಅಮ್ಮ ಬಂದರು, ಮಜ್ಜಿಗೆ ಕುಡಿದು ತಂಪಾಗಿ. ಇಬ್ಬರ ತವರೂ ಹೊಳಲ್ಕೆರೆ ಕಡೆ ಅನ್ನುವುದು ಅಷ್ಟರಲ್ಲಿ ಪತ್ತೆಯಾಗಿತ್ತು. ಯಾರದೋ ಭಾವನ ಅಣ್ಣನ ಹೆಂಡತಿಯ ಮೂಲಕ ಸಂಬಂಧವೂ ಕೂಡಿತ್ತು. ಇನ್ನು ಹಾಗೇ ಹೊರಡೋಕೆ ಆಗುತ್ತಾ? ಡ್ರೈವರ್ ತನ್ನ ಗಾಡಿಯಲ್ಲಿ ಉಳಿದಿದ್ದ ಮಂಡಕ್ಕಿ ಚೀಲ ತಂದ, ಆ ಮನೆಯಿಂದ ಈರುಳ್ಳಿ, ಎಣ್ಣೆ, ಖಾರದ ಪುಡಿ, ಹುರಿಗಡಲೆ ಹಿಟ್ಟು ಬಂತು. ಮೊರದಲ್ಲಿ ಕಲಸಿದರು. 1033ರ ಗಾಡಿ ಬಂದಿದ್ದು ಆಗ. ಅವರೂ ಇಳಿದು, ಪೈಪ್ ನೋಡಿ ಚೆನ್ನಾಗಿ ಕಟ್ಟಿದೀಯ ಅಂತ ಮೆಚ್ಚಿ, ಒಂದೊಂದು ಹಿಡಿ ಮಂಡಕ್ಕಿ ತಿಂದು ಹೋದರು.

ಇಲ್ಲೇ ಜಗಳ ಶುರುವಾಗಿದ್ದು. ದಾವಣಗೆರೆಗೆ ಹೋಗ್ತಿದ್ದೀರಿ ಅಂದ ಮೇಲೆ ಬೆಣ್ಣೆ ದೋಸೆ ಎಲ್ಲಿ ತಿನ್ನಬೇಕು ಅಂತ. ಹುಡುಗ ಒಂದು ಹೋಟೆಲ್ ಹೇಳಿದ, ಅಜ್ಜ ಇನ್ನೊಂದು. ಡ್ರೈವರ್ ಎರಡನ್ನೂ ಒಂದೇ ಏಟಿಗೆ ತಳ್ಳಿಹಾಕಿ, ಸೌದೆ ಒಲೆ ಇಲ್ಲದ ಕಡೆ ಕಾಲಿಡಬೇಡಿ ಅಂತ ಮೂರನೇದರ ದಾರಿ ಹೇಳಿಕೊಟ್ಟ. ಎಂಜಿನ್ ವಿಷಯಕ್ಕೂ ಇಷ್ಟು ಚರ್ಚೆ ಆಗಿರಲಿಲ್ಲ.

ದುಡ್ಡು ಕೊಡೋಕೆ ಹೋದೆ. "ದುಡ್ಡು ಕೊಟ್ರೆ ಟ್ಯೂಬ್ ಬಿಚ್ಕಂತೀನಿ ನೋಡ್ರಿ" ಅಂದ. ಬದಲಿಗೆ ಷರತ್ತು ಹಾಕಿದ. ರೇಡಿಯೇಟರ್ ಮುಚ್ಚಳ ಪೂರ್ತಿ ಬಿಗಿಯಬಾರದು. 40ರ ಮೇಲೆ ಹೋಗಬಾರದು. ಎಸಿ ಹಾಕಬಾರದು. ಇಷ್ಟು ಸರಿ. ಕೊನೆಯದು: ಹೀಟರ್ ಹಾಕಬೇಕು, ಫುಲ್.

ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಇಲ್ಲ. ಎಂಜಿನ್ನಿನ ಬಿಸಿ ನೀರು ಹೀಟರ್ ಒಳಗಿನ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಫ್ಯಾನ್ ಆ ಬಿಸಿಯನ್ನು ಕಾರಿನೊಳಕ್ಕೆ ಊದುತ್ತದೆ, ಎಂಜಿನ್ ಅಷ್ಟು ತಣ್ಣಗಾಗುತ್ತದೆ. ವಿಜ್ಞಾನ ಸರಿಯಾಗಿಯೇ ಇತ್ತು. ಆದರೆ ಆ ಬಿಸಿಲಲ್ಲಿ ಕಾಲಿಗೂ ಮುಖಕ್ಕೂ ಹೀಟರ್ ಬಿಟ್ಟುಕೊಂಡು, ಕಿಟಕಿ ತೆಗೆದರೆ ಬಿಸಿಗಾಳಿ, ಮುಚ್ಚಿದರೆ ಅದಕ್ಕಿಂತ ಬಿಸಿಗಾಳಿ. ಡ್ರೈವರ್ ನಮ್ಮ ಹಿಂದೆಯೇ ಬಂದ. 40 ದಾಟಿದರೆ ಹಾರ್ನ್. ಹೆಂಡತಿ ತಡೆಯಲಾರದೆ ಹೀಟರ್ ಕಮ್ಮಿ ಮಾಡಿದಾಗ ಮುಳ್ಳು ಮತ್ತೆ ಎದ್ದಿತು, ಅಮ್ಮ ಹಿಂದಿನ ಸೀಟಿಂದ "ಅವ್ನು ಹೇಳಿದಂಗೆ ಮಾಡು" ಅಂದರು. ಅಷ್ಟರಲ್ಲಿ ಅವನು ಅಮ್ಮನಿಗೆ ಮಗನಿಗಿಂತ ಹತ್ತಿರದವನಾಗಿದ್ದ.

ಮಂಟಪಕ್ಕೆ ಹೋದಾಗ ಮೂವರೂ ತೊಟತೊಟ ಬೆವೆತಿದ್ದೆವು. ಹುಡುಗಿಯ ತಾಯಿ ನಮ್ಮನ್ನು ನೋಡಿ ಕಣ್ಣೀರು ತುಂಬಿಕೊಂಡು, ಪಾಪ ಬಂದಿದ್ದೇ ಅಡುಗೆಮನೆಗೆ ನುಗ್ಗಿ ಕೆಲಸ ಮಾಡಿಬಿಟ್ಟಿದ್ದಾರೆ ಅಂತ ಎಲ್ಲರ ಮುಂದೆ ಹೊಗಳಿದರು. ಅಮ್ಮ ಅಲ್ಲ ಅನ್ನಲಿಲ್ಲ.

ಮರುದಿನ ದಾವಣಗೆರೆಯ ಮೆಕ್ಯಾನಿಕ್ ಹೊಸ ಪೈಪ್ ಹಾಕೋಕೆ ಕೂತವನು ಟ್ಯೂಬಿನ ಮೇಲೆ ಬೆರಳಾಡಿಸಿ, "ಇದನ್ನ ಯಾಕ್ ಬಿಚ್ಚಿಸ್ತೀರಿ, ಇನ್ನೂ ಮಸ್ತ್ ಬರ್ತೈತಿ" ಅಂತ ಬೇಜಾರು ಮಾಡಿಕೊಂಡ. ಕೆಲಸ ಮುಗಿಸಿ, ಅಲ್ಲೇ ಹತ್ತಿರ ಕಂಡ ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿಂದು ಕೈ ತೊಳೆಯುತ್ತಿದ್ದಾಗ ಡ್ರೈವರ್ ಫೋನ್ ಬಂತು. ಕಾರು ಹೇಗಿದೆ ಅಂತ ಕೇಳುತ್ತಾನೆ ಅಂದುಕೊಂಡೆ. "ದೋಸೆ ಎಲ್ಲಿ ತಿಂದ್ರಿ?" ಅಂದ. ಹೋಟೆಲ್ ಹೆಸರು ಹೇಳಿದೆ.

"ಅಲ್ಲಾ? ಅಯ್ಯೋ ನಿಮ್ಮ, ಗ್ಯಾಸ್ ಒಲೆ ರೀ ಅದು" ಅಂದವನೇ ಫೋನ್ ಇಟ್ಟ.