ಸೈರನ್ ವೈರ್ ಕತ್ತರಿಸುವ ಮುಂಚೆ

ಕಾರಿನ ಅಲಾರಂ ನಡುರಾತ್ರಿ ಸುಮ್ಮಸುಮ್ಮನೆ ಕೂಗತೊಡಗಿದರೆ ನಮ್ಮ ಕಡೆಯ ಮೆಕ್ಯಾನಿಕ್ ಸೈರನ್ ವೈರ್ ಕತ್ತರಿಸಿ ಟೇಪ್ ಸುತ್ತಿ ಕಳಿಸಿಬಿಡುತ್ತಾನೆ. ನಾನೀಗ ಇರುವ ಹೊರನಾಡಿನಲ್ಲಿ ಸ್ಕ್ಯಾನರ್ ಹಚ್ಚಿ, ಅಲಾರಂನ ಇಡೀ ಯೂನಿಟ್ಟೇ ಬದಲಿಸಿ ಎನ್ನುತ್ತಾರೆ. ಅಲಾರಂ ಎಬ್ಬಿಸಿದ್ದು ಯಾವ ಸ್ವಿಚ್ಚು, ಯಾವ ಸೆನ್ಸರ್ ಎಂದು ಹುಡುಕುವವರು ಎರಡೂ ಕಡೆ ಕಡಿಮೆ.

ಮೊದಲು ಬ್ಯಾಟರಿ ನೋಡಿ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ವೋಲ್ಟೇಜ್ ತೀರಾ ಕುಸಿದರೆ, ಯಾರೋ ಬ್ಯಾಟರಿ ಕಳಚುತ್ತಿದ್ದಾರೆಂದು ಕೆಲವು ಅಲಾರಂಗಳು ಬೊಬ್ಬೆ ಹಾಕುತ್ತವೆ.

ಬ್ಯಾಟರಿ ಸರಿಯಿದ್ದರೆ ನನ್ನ ಗುಮಾನಿ ಬಾನೆಟ್ ಸ್ವಿಚ್ ಮೇಲೆ, ಅಂದರೆ ಬಾನೆಟ್ ತೆರೆದಿದೆಯೆಂದು ಅಲಾರಂಗೆ ಹೇಳುವ ಸ್ವಿಚ್. ನೀರು, ಧೂಳು, ಬಿಸಿ ಎಲ್ಲವೂ ಬೀಳುವುದು ಅದರ ಮೇಲೆಯೇ. ಒಂದೇ ವೈರಿನ ಪಿನ್ ಸ್ವಿಚ್ ಆದರೆ ಕನೆಕ್ಟರ್ ಕಳಚಿ, ಮಲ್ಟಿಮೀಟರನ್ನು ಓಮ್ಸ್‌ಗೆ (ರೆಸಿಸ್ಟೆನ್ಸ್ ಅಳತೆಗೆ) ಇಟ್ಟು, ಒಂದು ಪ್ರೋಬ್ ಸ್ವಿಚ್ಚಿಗೂ ಇನ್ನೊಂದನ್ನು ಬಾಡಿಯ ಬರಿ ಲೋಹಕ್ಕೂ ಹಿಡಿಯಿರಿ. ಪಿನ್ ಒತ್ತಿದಾಗ ಓಪನ್ (ಸಂಪರ್ಕವಿಲ್ಲ), ಬಿಟ್ಟಾಗ ಸೊನ್ನೆಯ ಹತ್ತಿರ ತೋರಿಸಬೇಕು. ಒತ್ತಿಕೊಂಡೇ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಕಳ್ಳ ಅದೇ. (ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು, ವೈರಿಂಗ್ ಡಯಾಗ್ರಂ ನೋಡಿಕೊಳ್ಳಿ.) ಇಲ್ಲಿ ಮಾತ್ರ, ಬದಲಿಸದೆ ರಿಪೇರಿ ಮಾಡುವ ನಮ್ಮ ಕಡೆಯವರ ರೀತಿಯೇ ಮೇಲು. ತುಕ್ಕು ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ರಬ್ಬರ್ ಸವೆದು ಪಿನ್ ಪೂರ್ತಿ ಒತ್ತದಿದ್ದರೆ ಎತ್ತರ ಸರಿಮಾಡಿದರೆ ಸಾಕು, ಯೂನಿಟ್ ಮುಟ್ಟಬೇಕಾಗಿಯೇ ಇಲ್ಲ.

ಕೂಗುವುದರ ಬದಲು ಬ್ಯಾಟರಿ ಖಾಲಿಯಾಗುತ್ತಿದ್ದರೆ ದಾರಿ ಬೇರೆ. ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೀರೀಸ್ ಆಗಿ, ಅಂದರೆ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಸೇರಿಸಿ, ಬಾಗಿಲು ಮುಚ್ಚಿ ಮುಕ್ಕಾಲು ಗಂಟೆ ಕಾಯಿರಿ; ಗಾಡಿಯ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಮಲಗಲು ಅಷ್ಟು ಹೊತ್ತು ಬೇಕಾದೀತು. ಆ ಹೊತ್ತಿನಲ್ಲಿ ಗಾಡಿ ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಹೋಯಿತೆಂದೇ ಲೆಕ್ಕ. ಮಲಗಿದ ಗಾಡಿ ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. 200 ಇದ್ದರೆ ದಿನಕ್ಕೆ 4.8 ಆಂಪಿಯರ್-ಅವರ್ ಸೋರಿಕೆ, 45 ಆಂಪಿಯರ್-ಅವರ್ ಬ್ಯಾಟರಿ ಐದಾರು ದಿನಕ್ಕೆ ಸ್ಟಾರ್ಟ್ ಮಾಡಲು ಒದ್ದಾಡುತ್ತದೆ. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಬೇಡಿ, ಮತ್ತೆ ಸಿಕ್ಕಿಸುವಾಗ ಮಾಡ್ಯೂಲ್ ಎಚ್ಚರಗೊಂಡು ಲೆಕ್ಕ ಕೆಡುತ್ತದೆ. ಫ್ಯೂಸಿನ ತಲೆಯ ಮೇಲಿನ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಅಂಕಿ ಬಂದ ಸರ್ಕ್ಯೂಟಿನಲ್ಲಿ ಕರೆಂಟ್ ಹರಿಯುತ್ತಿದೆ.

ಇನ್ನು ವೈರ್ ಕತ್ತರಿಸುವವರಿಗೆ ಒಂದು ಮಾತು. ಒಳಗೇ ಬ್ಯಾಟರಿ ಇರುವ ಸೈರನ್ ವೈರ್ ಕತ್ತರಿಸಿದರೆ ಸುಮ್ಮನಾಗುವುದಿಲ್ಲ, ಕೂಗಲು ಶುರುಮಾಡುತ್ತದೆ. ಆ ಬ್ಯಾಟರಿ ಹಳತಾಗಿ ಸೋರಿ ಬೋರ್ಡನ್ನು ತಿಂದಿದ್ದರಂತೂ ಅದು ಯಾರ ಮಾತೂ ಕೇಳುವುದಿಲ್ಲ.