ಬೇಸ್‌ಮೆಂಟಿನ ಟೊಮೆಟೊ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿದವರು ಮನೆಯಲ್ಲೇ ಗಿಡ ಬೆಳೆಸಬಹುದು, ಆದರೆ ನಾಲ್ಕೇ ನಾಲ್ಕು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನಮ್ಮ ಬಾಡಿಗೆ ಬೇಸ್‌ಮೆಂಟಿನಲ್ಲಿ ಇರುವವರೂ ನಾಲ್ಕು ಜನ. ತಲೆಗೊಂದು, ಲೆಕ್ಕ ಸರಿಹೋಯಿತು ಅಂದ ನಮ್ಮ ಗೌಡ. ಮಿಕ್ಕ ಮೂವರಿಗೆ ನಮ್ಮ ಪಾಲಿನ ಗಿಡ ಬೇಕಿರಲಿಲ್ಲ. ಅವನೇ ದೊಡ್ಡ ಮನಸ್ಸು ಮಾಡಿ ನಾಲ್ಕನ್ನೂ ವಹಿಸಿಕೊಂಡ.

ತಮಾಷೆ ಏನೆಂದರೆ ಗೌಡ ಸೇದುವವನೇ ಅಲ್ಲ. ಅಗರಬತ್ತಿ ಹಚ್ಚಿದರೂ ಕೆಮ್ಮುತ್ತಾನೆ. ಮತ್ತೆ ನಿನಗ್ಯಾಕೋ ಇದು ಅಂದರೆ, ಪಕ್ಕದ ಕ್ವಿಬೆಕ್‌ನಲ್ಲಿ ಒಂದು ಗಿಡವನ್ನೂ ಇಡಂಗಿಲ್ಲವಂತೆ, ಅಲ್ಲೊಬ್ಬರು ಅದಕ್ಕಾಗಿ ಸುಪ್ರೀಂ ಕೋರ್ಟ್ ತನಕ ಹೋಗಿ 2023ರಲ್ಲಿ ಸೋತರಂತೆ, ಇಲ್ಲಿ ಸರ್ಕಾರ ಕರೆದು ಕೊಡುತ್ತಿರುವಾಗ ಸುಮ್ನೆ ಕೂರೋಕಾಗುತ್ತಾ ಅಂತ ನಮಗೇ ಬೈದ. ಮೇಲೆ ಇರುವ ಮನೆ ಮಾಲೀಕರು ಪಂಜಾಬಿ ಆಂಟಿ. ಗಿಡ ಇಟ್ಟುಕೊಳ್ಳಲಾ ಅಂತ ಅವರನ್ನು ಕೇಳಿದ. ಇಟ್ಟುಕೋ ಬೇಟಾ, ಒಳ್ಳೇದು ಅಂದರು. ಯಾವ ಗಿಡ ಅಂತ ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಅಂಗಡಿಯಿಂದ ಬಂದ ಪ್ಯಾಕೆಟ್ಟಿನಲ್ಲಿ ನಾಲ್ಕೇ ಬೀಜ. ಒಂದೊಂದು ಬೀಜಕ್ಕೂ ಹೆಚ್ಚುಕಮ್ಮಿ ಇಲ್ಲಿಯ ಒಂದು ಮಸಾಲೆ ದೋಸೆಯ ರೇಟು. ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಬೆಚ್ಚಗಿರಲಿ ಅಂತ ಫ್ರಿಜ್ ಮೇಲೆ ಇಟ್ಟ. ಅವತ್ತು ಕ್ಲೀನಿಂಗ್ ಸರದಿ ಇದ್ದವನಿಗೆ ಒದ್ದೆ ಟಿಶ್ಯೂ ಕಂಡರೆ ಏನು ಮಾಡುತ್ತಾನೆ? ಕಸದ ಬುಟ್ಟಿ ಸುರಿದು ಹುಡುಕಿದಾಗ ಮೂರು ಸಿಕ್ಕವು. ನಾಲ್ಕನೆಯದು ನನ್ನ ಪಾಲಿನದು ಅಂತ ಆಮೇಲೆ ತೀರ್ಮಾನವಾಯಿತು.

ಈ ಗಿಡಕ್ಕೆ ಎಲೆ ಬೆಳೆಯುವ ಹಂತದಲ್ಲಿ ದಿನಕ್ಕೆ 18 ಗಂಟೆ ಬೆಳಕು ಕೊಡುತ್ತಾರೆ. ಡಿಸೆಂಬರಿನಲ್ಲಿ ಟೊರೊಂಟೊಗೆ ಸಿಗುವ ಹಗಲೇ ಒಂಬತ್ತು ಗಂಟೆ, ಬೇಸ್‌ಮೆಂಟಿಗೆ ಅದೂ ಇಲ್ಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಟೆಂಟ್ ಹಾಕಿ, ಎಲ್‌ಇಡಿ ದೀಪ ತೂಗಿಬಿಟ್ಟ. ಇಡೀ ಮನೆಯಲ್ಲಿ ಬಿಸಿಲು ಅನ್ನುವಂಥದ್ದು ಅಲ್ಲಿ ಮಾತ್ರ. ಚಳಿಗಾಲದ ಸಂಜೆ ನಾವು ಮೂವರೂ ಟೆಂಟಿನ ಜಿಪ್ ತೆಗೆದು ಎದುರಿಗೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದೆವು. ನಾವು ಕುಡಿಯುವುದು ನಲ್ಲಿ ನೀರು. ಗಿಡಗಳಿಗೆ ಮಾತ್ರ ರಾತ್ರಿಯಿಡೀ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋಗಿಸಿ, ಹುಳಿ-ಕ್ಷಾರದ ಅಳತೆ, ಅಂದರೆ ಪಿಎಚ್, 6ರಿಂದ 7ರ ಒಳಗಿದೆಯಾ ಅಂತ ನೋಡಿದ ನೀರು. ಊರಲ್ಲಿ ತುಳಸಿಗೆ ಒಂದು ಚೊಂಬು ನೀರು ಹಾಕೋ ಅಂತ ಅವರಮ್ಮ ಕೂಗಿ ಕೂಗಿ ಸುಸ್ತಾಗುತ್ತಿದ್ದರಂತೆ, ಆ ಗೌಡನೇ ಇವನು!

ಕಾಡಿನಲ್ಲಿ, ರಸ್ತೆ ಬದಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಗಿಡ ಅದು. ಹಿಮಾಲಯದ ಕಡೆ ಹೋದವರು ನೋಡಿರುತ್ತೀರಿ. ಅಂಥದ್ದಕ್ಕೆ ಹೊತ್ತುಹೊತ್ತಿಗೆ ನೀರು ಹಾಕಿದರೆ ಏನಾಗಬೇಕೋ ಅದೇ ಆಯಿತು. ಮಣ್ಣು ಸದಾ ಕೆಸರು, ಎಲೆ ಹಳದಿ, ಕುಂಡದ ತುಂಬ ಸಣ್ಣ ಕಪ್ಪು ನೊಣ. ನೊಣ ಹಿಡಿಯಲು ಹಳದಿ ಅಂಟು ಹಾಳೆ ತಂದು ಕಂಡಲ್ಲೆಲ್ಲ ನೇತುಹಾಕಿದ. ಮನೆ ಬೆಚ್ಚಗಿಡುವ ಫರ್ನೇಸ್ ನೋಡಲು ಕೆಳಗೆ ಬಂದ ಆಂಟಿಯ ದುಪಟ್ಟಾಗೆ ಒಂದು ಅಂಟಿಕೊಂಡಿತು, ಅದನ್ನು ಕೀಳಲು ಹೋದ ಗೌಡನ ಕೈಗೆ ಇನ್ನೊಂದು. ಇಷ್ಟೆಲ್ಲ ನೊಣ ಯಾಕೆ, ಯಾವ ಗಿಡ ಇದು ಅಂದರು ಆಂಟಿ. ಇವನ ಬಾಯಿಗೆ ಬಂದದ್ದು "ಟೊಮೆಟೊ". ಹಣ್ಣಾದಾಗ ನನಗೂ ಕೊಡು ಅಂತ ಹೇಳಿ ಹೋದರು.

ಗಿಡ ಹೂ ಬಿಡಬೇಕಾದರೆ 12 ಗಂಟೆ ಬೆಳಕು, 12 ಗಂಟೆ ಕತ್ತಲು. ಕತ್ತಲು ಅಂದರೆ ಕಗ್ಗತ್ತಲು. ಮಧ್ಯೆ ಬೆಳಕು ಬಿದ್ದರೆ ಹೆಣ್ಣು ಗಿಡದಲ್ಲೇ ಗಂಡು ಹೂ ಬಂದು ಎಲ್ಲಾ ಬೀಜ ಕಟ್ಟಿ ಫಸಲು ಕೆಟ್ಟುಬಿಡಬಹುದು. ನಮ್ಮ ಕಷ್ಟ ಬೇರೆ. ಸೋನಾ ಮಸೂರಿ ಮೂಟೆ ಇದ್ದದ್ದು ಅದೇ ಟೆಂಟಿನ ಹಿಂದೆ. ರಾತ್ರಿ ಎಂಟರ ಮೇಲೆ ಯಾರೂ ಅಕ್ಕಿ ತೆಗೆಯಕೂಡದು ಅಂತ ಆರ್ಡರ್ ಆಯಿತು. ಶಿಫ್ಟ್ ಮುಗಿಸಿ ಹತ್ತಕ್ಕೆ ಬರುವವನು ಜಗಳಕ್ಕೆ ನಿಂತ. ಹಸಿರು ಬೆಳಕು ಗಿಡಕ್ಕೆ ಅಷ್ಟಾಗಿ ತಾಕುವುದಿಲ್ಲ ಅಂತ ಎಲ್ಲೋ ಓದಿ ಗೌಡ ಹಣೆಗೆ ಕಟ್ಟುವ ಹಸಿರು ಲೈಟ್ ತಂದ. ಅನ್ನಕ್ಕಿಡಲು ಹಣೆಗೆ ದೀಪ ಕಟ್ಟಿಕೊಂಡು ತೆವಳಿದ ಕನ್ನಡಿಗರು ನಾವೇ ಮೊದಲಿರಬೇಕು.

ಆಮೇಲೆ ಬಂತು ಬೂದಿ ರೋಗ. ನಾಲ್ಕು ಜನರ ಒದ್ದೆ ಬಟ್ಟೆ ಒಳಗೇ ಒಣಗಬೇಕು, ಕುಕ್ಕರ್ ಒಳಗೇ ಕೂಗಬೇಕು, ತೇವಕ್ಕೇನು ಕಮ್ಮಿ? ಎಲೆ ಮೇಲೆಲ್ಲ ಬಿಳಿ ಪುಡಿ. ಗೌಡನ ಅಪ್ಪ ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಬೆಳೆಯುವವರು, ಬೂದಿ ರೋಗ ಅವರಿಗೆ ಹಳೇ ಶತ್ರು. ಟೊಮೆಟೊಗೆ ಹಿಂಗಾಗಿದೆ ಅಪ್ಪಾ ಅಂತ ವಿಡಿಯೊ ಕಾಲಿನಲ್ಲಿ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೂ ಸ್ವಲ್ಪ ಹತ್ತಿರ ಹಿಡಿ ಅಂದರು. ಆಮೇಲೆ ತಣ್ಣಗೆ, "ಮಗಾ, ಈ ಟೊಮೆಟೊ ಇಲ್ಲಿ ಹಾಕಿದ್ರೆ ಹತ್ತು ವರ್ಷ ಒಳಗೆ ಹಾಕ್ತಾರೆ" ಅಂದರು. ಅದು ನಿಜ, ಭಾರತದ ಮಾದಕ ವಸ್ತು ತಡೆ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬೆಳೆದವರಿಗೆ ಹತ್ತು ವರ್ಷದ ತನಕ ಜೈಲಿದೆ. ಇಲ್ಲಿ ಕಾನೂನೇ ಬೇರೆ ಅಂತ ಗೌಡ ಬೆವರುತ್ತಾ ವಿವರಿಸಿದ. ಎಲ್ಲಾ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ, "ರೇಟ್ ಹೆಂಗೆ?" ಅಂಗಡಿಯಲ್ಲಿ ಗ್ರಾಮಿಗೆ ಐದಾರು ಡಾಲರ್ ಅಂದ. ಅವರು ಮನಸ್ಸಿನಲ್ಲೇ ಕೆಜಿಗೆ ತಿರುಗಿಸಿ ರೂಪಾಯಿ ಮಾಡಿದರು, ಮೂರು ಲಕ್ಷ ದಾಟಿತು. ಆ ವರ್ಷ ದ್ರಾಕ್ಷಿಗೆ ರೇಟೇ ಇರಲಿಲ್ಲ. ತುಂಬ ಹೊತ್ತು ಮಾತಾಡಲಿಲ್ಲ ಪಾಪ. ಆಮೇಲೆ ರೈತನಾಗಿ ಹೇಳಿದರು, ಗಿಡ ಒತ್ತೊತ್ತಾಗಿ ಇಡಬೇಡ, ಫ್ಯಾನ್ ಹಾಕು, ರೋಗದ ಎಲೆ ಕಿತ್ತು ಹಾಕು, ನೀರು ನಿಲ್ಲಿಸು ಮೊದಲು. ಅಷ್ಟು ದಿನ ಓದಿದ್ದೆಲ್ಲ ಮಾಡದ್ದನ್ನು ಈ ನಾಲ್ಕು ಮಾತು ಮಾಡಿತು. ಗಿಡ ಚೇತರಿಸಿಕೊಂಡವು.

ಹೂ ಬಂದಾಗ ವಾಸನೆ ಶುರು. ಮೇಲಿನ ಮನೆಗೂ ನಮಗೂ ಒಂದೇ ಫರ್ನೇಸ್, ಬಿಸಿ ಗಾಳಿ ಹೋಗುವ ಕೊಳವೆಯೂ ಒಂದೇ. ಮನೆ ಕೆಳಗೆ ಸ್ಕಂಕ್ ಹೊಕ್ಕಿದೆ ಅಂತ ಆಂಟಿ ಅಂದುಕೊಂಡರು. ಸ್ಕಂಕ್ ಅಂದರೆ ಹೆದರಿದಾಗ ಬಾಲ ಎತ್ತಿ ಗಬ್ಬು ನೀರು ಚಿಮ್ಮಿಸುವ ಪ್ರಾಣಿ, ಈ ಊರಲ್ಲಿ ಜಾಸ್ತಿ. ಅದನ್ನು ಹಿಡಿಯುವವನನ್ನೇ ಕರೆಸಿದರು. ಅವನು ಮನೆ ಸುತ್ತ ಮೂಸುತ್ತಾ ಬಂದು ನಮ್ಮ ಕಿಟಕಿ ಮುಂದೆ ನಿಂತು ನಕ್ಕ. "ನಿಮ್ಮ ಸ್ಕಂಕ್ ತಿಂಗಳಾ ತಿಂಗಳಾ ಬಾಡಿಗೆ ಕಟ್ಟುತ್ತೆ ಅನ್ಸುತ್ತೆ" ಅಂದನಂತೆ.

ಅವತ್ತು ಮನೆ ಖಾಲಿ ಮಾಡಬೇಕಾಗುತ್ತೆ ಅಂತ ನಾನು ಸೂಟ್‌ಕೇಸ್ ಕೆಳಗಿಳಿಸಿದ್ದೆ. ಆಂಟಿ ಬಂದರು, ಒಂದಷ್ಟು ಬೈದರು, ಟೆಂಟ್ ಒಳಗೆ ಇಣುಕಿದರು. ಹೊರಡುವಾಗ ಮೆಲ್ಲಗೆ, ಮೊಣಕಾಲಿಗೆ ಹಚ್ಚಲು ಇದರಲ್ಲಿ ಎಣ್ಣೆ ಮಾಡಬಹುದಂತೆ, ನಿನಗೆ ಬರುತ್ತಾ ಅಂತ ಗೌಡನನ್ನು ಕೇಳಿದರು. ವಯಸ್ಕರಿಗೆ 30 ಗ್ರಾಂ ತನಕ ಸುಮ್ನೆ ಕೊಡಬಹುದು, ಕಾನೂನಿದೆ. ಬಂದ ಫಸಲೇ ಅಷ್ಟಿರಲಿಲ್ಲ. ಪೂರ್ತಿ ಮೇಲಕ್ಕೆ ಹೋಯಿತು. ಮೊಣಕಾಲು ಹಾಗೇ ಇದೆ, ಆದರೆ ಆ ವರ್ಷ ಬಾಡಿಗೆ ಏರಲಿಲ್ಲ.

ದೀಪ, ಟೆಂಟ್, ಫ್ಯಾನ್ ಸೇರಿಸಿ ಗ್ರಾಮಿಗೆ ಎಷ್ಟು ಬಿತ್ತು ಅಂತ ಗೌಡನ ಮುಂದೆ ಯಾರೂ ಲೆಕ್ಕ ಹಾಕುವುದಿಲ್ಲ. ಟೆಂಟಿನಲ್ಲಿ ಈಗ ನನ್ನ ಕರಿಬೇವು ಇದೆ. ಮೊನ್ನೆ ಅವನ ಅಪ್ಪನಿಗೆ ಅದನ್ನು ತೋರಿಸಿದರೆ ನಂಬಲೇ ಇಲ್ಲ. ಒಗ್ಗರಣೆಗೆ ಹಾಕಿ ತೋರಿಸಿ ನೋಡೋಣ ಅಂದರು.